ಎಂಟು ಅರ್ಜಿ, ಒಂದೇ ಒಕ್ಕಣೆ

ದೀಪಾವಳಿ ರಜೆ ಮುಗಿದು ಶಾಲೆ ತೆರೆದ ಮೂರನೆಯ ದಿನ ಹೆಡ್‌ಮಾಸ್ತರರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಒಂದು ಹಾಳೆ ಕೊಟ್ಟರು. ಅದರಲ್ಲಿ ಹತ್ತನೆಯ ತರಗತಿ ‘ಬಿ’ ವಿಭಾಗದ ಒಂಬತ್ತು ಮಕ್ಕಳ ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳು, ಅನುತ್ತೀರ್ಣವಾದ ವಿಷಯಗಳ ಕೆಳಗೆ ಕೆಂಪು ಗೆರೆ. ನಾನು ಆ ವಿಭಾಗದ ತರಗತಿ ಶಿಕ್ಷಕಿ, ಕನ್ನಡ ಕಲಿಸುತ್ತೇನೆ. ಒಂಬತ್ತೂ ಮಕ್ಕಳನ್ನು ಎಂಟನೆಯ ತರಗತಿಯಿಂದ ಬಲ್ಲೆ.

“ಇವರ ಪಾಲಕರನ್ನ ಕರಸ್ರಿ,” ಎಂದರು. “ಒಬ್ಬೊಬ್ಬರನ್ನ ಕರಸ್ರಿ, ಎಲ್ಲಾರನೂ ಒಮ್ಮೆಲೇ ಕೂಡಸಬ್ಯಾಡ್ರಿ. ಹೊರಗಿಂದ ಪರೀಕ್ಷಾ ಕಟ್ಟೂದು ಮಕ್ಕಳಿಗೇ ಛಲೋ ಅಂತ ತಿಳಿಸಿ ಹೇಳ್ರಿ. ನಿಮ್ಮ ಮಾತು ಅವರು ಕೇಳ್ತಾರ.”

ನಮ್ಮದು ಧಾರವಾಡದ ಒಂದು ಅನುದಾನಿತ ಪ್ರೌಢಶಾಲೆ. ಅರ್ಧ ಮಕ್ಕಳು ಊರಿನವರು, ಇನ್ನರ್ಧ ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಹಿಂದಿನ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಇಳಿದಿತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ಹೆಡ್‌ಮಾಸ್ತರರನ್ನು ನಿಲ್ಲಿಸಿ ಕೇಳಿದ್ದರಂತೆ. ಹೀಗೇ ಇನ್ನೊಂದೆರಡು ವರ್ಷ ನಡೆದರೆ ಅನುದಾನವೇ ನಿಂತೀತೆಂಬ ಅಂಜಿಕೆ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಇತ್ತು, ನನಗೂ ಇತ್ತು. ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿಯನ್ನು ಪರೀಕ್ಷಾ ಮಂಡಳಿಗೆ ಕಳಿಸಲು ಡಿಸೆಂಬರಿನವರೆಗೆ ಸಮಯವಿತ್ತು. ಅದಕ್ಕೂ ಮೊದಲು ಶಾಲೆ ಬಿಟ್ಟು ಹೋದವರು ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಅವರು ಖಾಸಗಿ ಅಭ್ಯರ್ಥಿಗಳಾಗಿ ಬರೆದು ಪಾಸಾದರೂ ಫೇಲಾದರೂ ಶಾಲೆಯ ಶೇಕಡಾವಾರಿಗೆ ಏನೂ ಆಗುವುದಿಲ್ಲ. ಒಂಬತ್ತು ಹೆಸರಿನ ಅರ್ಥ ಅಷ್ಟೇ. ಹೆಡ್‌ಮಾಸ್ತರರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನನ್ನೇ ಏಕೆ ಆರಿಸಿದರು ಎಂಬುದನ್ನು ಹೇಳಬೇಕು. ಹತ್ತನೆಯ ತರಗತಿ ಎಂದರೆ ನಮ್ಮ ಅನೇಕ ಪಾಲಕರಿಗೆ ಪಾಸು ಇಲ್ಲವೇ ಫೇಲು, ಎರಡೇ ಗೊತ್ತು. ಮಗು ಯಾವ ವಿಷಯದಲ್ಲಿ ಹಿಂದಿದೆ, ಎಷ್ಟು ದಿನ ಶಾಲೆ ತಪ್ಪಿಸಿದರೆ ಪರೀಕ್ಷೆಗೆ ಕೂಡಿಸುವುದಿಲ್ಲ, ಮುಂದೆ ಪಿಯುಸಿಗೆ ಯಾವ ಶಾಖೆ, ಐಟಿಐಗೆ ಏನು ಬೇಕು, ಇವೆಲ್ಲ ಅವರಿಗೆ ಯಾರೂ ಕೂತು ಹೇಳಿರುವುದಿಲ್ಲ. ಹದಿನೆಂಟು ವರ್ಷಗಳಲ್ಲಿ ನಾನು ಅದಕ್ಕೊಂದು ರೀತಿ ಮಾಡಿಕೊಂಡಿದ್ದೆ. ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಆರು ಉದ್ದನೆಯ ಚೌಕ ಬರೆಯುತ್ತಿದ್ದೆ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ. ಪ್ರತಿ ಚೌಕದಲ್ಲಿ ಪಾಸಿನ ಗೆರೆ. ಚೌಕದ ಬುಡದಲ್ಲಿ ಒಂದಿಷ್ಟು ಭಾಗವನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಿ, “ಇದು ಸಾಲಿಯವರ ಕೈಯಾಗ ಇರೋ ಮಾರ್ಕ್ಸ್ ನೋಡ್ರಿ. ವರ್ಷಪೂರ್ತಿ ಟೆಸ್ಟ್ ಬರದು, ಪ್ರಾಜೆಕ್ಟ್ ಮಾಡಿದ್ರ ನೂರಕ್ಕ ಇಪ್ಪತ್ತು ಇಲ್ಲೇ ಇರ್ತಾವು. ಉಳಿದದ್ದನ್ನಷ್ಟ ಮಾರ್ಚ್‌ದಾಗ ಬರದು ಗಳಸಬೇಕು,” ಎನ್ನುತ್ತಿದ್ದೆ. ಓದು ಬಾರದ ತಾಯಂದಿರೂ ಆ ಚಿತ್ರ ನೋಡಿ, ತಮ್ಮ ಮಗ ಎಲ್ಲಿ ನಿಂತಿದ್ದಾನೆಂದು ಬೆರಳಿಟ್ಟು ತೋರಿಸುತ್ತಿದ್ದರು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಆ ವರ್ಷ ಪಾಸಿನ ನಿಯಮವೂ ಸಡಿಲವಾಗಿತ್ತು. ಶಾಲೆ ಕೊಟ್ಟ ಅಂಕ ಮತ್ತು ಬರೆದ ಅಂಕ ಎರಡನ್ನೂ ಕೂಡಿಸಿ ಗೆರೆ ದಾಟಿದರೆ ಸಾಕು. ಹಿಂದುಳಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇರಲಿಲ್ಲ. ಖಾಸಗಿಯಾಗಿ ಕಟ್ಟುವವರಿಗೆ ಶಾಲೆಯ ಅಂಕವೇ ಇಲ್ಲ, ನೂರಕ್ಕೆ ನೂರನ್ನೂ ಬರೆದೇ ಗಳಿಸಬೇಕು. ಪಟ್ಟಿಯಲ್ಲಿದ್ದ ಒಂಬತ್ತು ಮಕ್ಕಳ ಪೈಕಿ ಐದಾರು ಜನರಿಗೆ ಆ ಇಪ್ಪತ್ತೇ ಆಧಾರ ಎಂಬುದು ಅಂಕಗಳನ್ನು ನೋಡಿದ ಕೂಡಲೇ ನನಗೆ ತಿಳಿದಿತ್ತು.

ಪಾಲಕರಿಂದ ಒಂದು ಅರ್ಜಿ ಬೇಕಿತ್ತು. ಶಾಲೆ ಬಿಡಿಸಿದ್ದು ಅವರೇ ಎಂದು ತೋರಬೇಕಿತ್ತು. ಅರ್ಜಿಯ ಒಕ್ಕಣೆಯನ್ನು ನಾನೇ ಬರೆದೆ. “ಕೌಟುಂಬಿಕ ಕಾರಣಗಳಿಂದಾಗಿ ನನ್ನ ಮಗ/ಮಗಳನ್ನು ಸ್ವಂತ ಇಚ್ಛೆಯಿಂದ ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದು, ವರ್ಗಾವಣೆ ಪತ್ರ ದಯಪಾಲಿಸಬೇಕೆಂದು ವಿನಂತಿ.” ಗುಮಾಸ್ತರು ಅದನ್ನು ಟೈಪ್ ಮಾಡಿ ಒಂಬತ್ತು ಪ್ರತಿ ತೆಗೆದರು. ಓದಿ ನೋಡಿದ ಹೆಡ್‌ಮಾಸ್ತರರು, “ಭಾಷಾ ಛಲೋ ಅದ,” ಎಂದರು.

ಮೊದಲು ಬಂದವರು ಊರಂಚಿನ ಓಣಿಯ ಒಬ್ಬ ತಂದೆ, ಸೆಂಟ್ರಿಂಗ್ ಕೆಲಸದವರು. ಸ್ಲ್ಯಾಬ್ ಹಾಕುವ ದಿನವಂತೆ, ಅರ್ಧ ತಾಸಿನ ಬಿಡುವು ಕೇಳಿಕೊಂಡು ಬಂದಿದ್ದರು. ಖುರ್ಚಿಗೆ ಸಿಮೆಂಟು ಹತ್ತೀತೆಂದು ಕೂರಲೇ ಇಲ್ಲ. ಅವರ ಮಗಳು ನನ್ನ ವಿಷಯದಲ್ಲಿ ಜಾಣೆ, ಅಕ್ಷರ ಮುತ್ತಿನಂಥವು. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ಕೆಂಪು ಗೆರೆ. ಅವರೆದುರು ನಾನು ಆರು ಚೌಕ ಬರೆದೆ, ಗೆರೆ ಎಳೆದೆ. ಬುಡವನ್ನು ಕಪ್ಪು ಮಾಡಲಿಲ್ಲ.

“ಈಗಿನ ಪರಿಸ್ಥಿತಿ ನೋಡಿದ್ರ ಆಕಿಗೆ ಆಗಂಗಿಲ್ರಿ,” ಎಂದೆ. “ಸಾಲಿ ಒತ್ತಡ ಇಲ್ದಂಗ, ಮನ್ಯಾಗ ಕೂತು ಓದಿ, ಹೊರಗಿಂದ ಕಟ್ಟಿದ್ರ ಆರಾಮ ಆಗ್ತೈತಿ. ಸಪ್ತಾಪುರದ ಕಡೆ ಟ್ಯೂಷನ್ ಅದಾವು. ಪರೀಕ್ಷಾನೂ ಅದೇ, ಪುಸ್ತಕಾನೂ ಅದೇ.”

“ನೀವು ಹೇಳಿದ್ರ ಮುಗೀತ್ರಿ ಅಕ್ಕೋರ,” ಎಂದು ಪೆನ್ನು ತೆಗೆದುಕೊಂಡರು. ಎರಡು ನಿಮಿಷ ಸಹ ಆಗಿರಲಿಲ್ಲ. ಹೋಗುವಾಗ ಕೈಮುಗಿದರು.

ಉಳಿದವರೂ ಹೆಚ್ಚುಕಡಿಮೆ ಹೀಗೆಯೇ. ಒಬ್ಬ ತಾಯಿ ಅತ್ತಳು. ಒಬ್ಬ ಅಜ್ಜ ಮೊಮ್ಮಗನನ್ನು ಬೈದರು. ಒಬ್ಬರು, ಹೇಗೂ ಹೊಲದ ಕೆಲಸಕ್ಕೆ ಬೇಕಾಗಿದ್ದ ಎಂದರು. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ. ನಾನು ಮಾಡುತ್ತಿದ್ದುದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಪ್ರತಿ ಸಲ ಪೆನ್ಸಿಲ್ ಕೆಳಗಿಡುವಾಗ ಗೊತ್ತಿತ್ತು. ಶಾಲೆ ಉಳಿದರೆ ತಾನೇ ಮುಂದಿನ ಮಕ್ಕಳು, ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ನಮ್ಮಪ್ಪ ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಹಾಜರಿ ಪುಸ್ತಕದಿಂದ ಒಂದು ಹೆಸರನ್ನು ತೆಗೆಯುವ ಮೊದಲು ಮೂರು ಸಲ ಆ ಮನೆಗೆ ನಡೆದು ಹೋಗುತ್ತಿದ್ದರು. ನಮ್ಮ ಮನೆತನದಲ್ಲಿ ಮೊದಲು ಶಾಲೆ ಕಂಡವರು ಅವರೇ. ಆ ವಾರ ಮಾಳಮಡ್ಡಿಯ ಮನೆಯಲ್ಲಿ ಅವರು ಸಂಜೆ ಶಾಲೆಯ ಸುದ್ದಿ ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆದೆ.

ಎಂಟನೆಯವರು ಹೆಬ್ಬಳ್ಳಿಯ ತಾಯಿ. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮಕ್ಕಳ ಊಟ ಮುಗಿಸಿ, ಪಾತ್ರೆ ತೊಳೆದು, ಬಸ್ಸು ಹಿಡಿದು ಬರುವಷ್ಟರಲ್ಲಿ ನಾಲ್ಕು ದಾಟಿತ್ತು. ಮೂವತ್ತೈದರ ಆಸುಪಾಸಿನ, ಮೆಲ್ಲಗೆ ಮಾತಾಡುವ ಹೆಣ್ಣುಮಗಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬಳೇ ಮಗಳು.

ನಾನು ಚೌಕ ಬರೆದು ಹೇಳಿದ್ದನ್ನು ಪೂರ್ತಿ ಕೇಳಿ, “ಇಲ್ಲಿದ್ದ ಬರದ್ರ ಎಷ್ಟು ಬೇಕ್ರಿ, ಹೊರಗಿಂದ ಬರದ್ರ ಎಷ್ಟು ಬೇಕು?” ಎಂದು ಕೇಳಿದರು.

ಹಿಂದಿನ ಏಳು ಜನ ಕೇಳದ ಪ್ರಶ್ನೆ ಅದು.

“ಎರಡೂ ಕಡೆ ಒಂದ ಗೆರೀರಿ,” ಎಂದೆ.

ಅಕ್ಷರಶಃ ನೋಡಿದರೆ ಅದು ಸುಳ್ಳಲ್ಲ. ಅವರು ತಲೆಯಾಡಿಸಿ, ಅರ್ಜಿಯನ್ನು ಕೈಗೆತ್ತಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. “ಕೌಟುಂಬಿಕ ಕಾರಣ” ಎಂಬಲ್ಲಿ ನಿಂತರು.

“ಮನ್ಯಾಗ ಏನೂ ಕಾರಣ ಇಲ್ಲಲ್ರಿ ಅಕ್ಕೋರ.”

“ಅದು ಬರಿಯೋ ಪದ್ಧತಿರಿ. ಎಲ್ಲಾರೂ ಹಂಗ ಬರೀತಾರ.”

ಸಹಿ ಮಾಡಿದರು. ಒಂಬತ್ತನೆಯ ಹುಡುಗನ ಮನೆಯವರು ಎಷ್ಟು ಸಲ ಚೀಟಿ ಕಳಿಸಿದರೂ ಬರಲಿಲ್ಲ, ಹಾಗಾಗಿ ಅವನು ಉಳಿದುಕೊಂಡ. ಎಂಟು ವರ್ಗಾವಣೆ ಪತ್ರಗಳನ್ನು ಗುಮಾಸ್ತರು ಬರೆದರು. ಆನ್‌ಲೈನ್ ದಾಖಲೆಯಿಂದಲೂ ಎಂಟು ಹೆಸರು ಹೊರಬಿದ್ದವು. ತರಗತಿ ಶಿಕ್ಷಕಿಯೆಂದು ಪ್ರತಿ ಪತ್ರದ ಹಿಂದೆಯೂ ನನ್ನ ಸಹಿ ಇತ್ತು. ಮರುದಿನ ಹಾಜರಿ ಕೂಗುವಾಗ ಎರಡು ಸಲ ಹಳೆಯ ಹೆಸರು ಬಾಯಿಗೆ ಬಂತು.

ಹನ್ನೆರಡು ದಿನಗಳ ನಂತರ ಹೆಬ್ಬಳ್ಳಿಯ ತಾಯಿ ಮತ್ತೆ ಬಂದರು. ಶಾಲೆ ಬಿಡುವ ಹೊತ್ತು. ಶಿಕ್ಷಕರ ಕೋಣೆಯಲ್ಲಿ ನಾನು ಮತ್ತು ಗಣಿತದ ಸರ್ ಇಬ್ಬರೇ ಇದ್ದೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಒಂದು ಕೇಳಾಕ ಬಂದೇನ್ರಿ ಅಕ್ಕೋರ. ನಮ್ಮೂರ ಸಾಲಿ ಸರ್ ಹೇಳಿದ್ರು, ಸಾಲ್ಯಾಗ ಇದ್ದ ಹುಡುಗರಿಗೆ ಇಪ್ಪತ್ತು ಮಾರ್ಕ್ಸ್ ಸಾಲಿಯವ್ರ ಕೊಡ್ತಾರಂತ. ಹೊರಗಿಂದ ಕಟ್ಟಿದವರಿಗೆ ಅದು ಇಲ್ಲಂತ. ಖರೇ ಏನ್ರಿ?”

“ಖರೇರಿ.”

“ನಿಮಗ ಗೊತ್ತಿತ್ತೇನ್ರಿ?”

ಗಣಿತದ ಸರ್ ಎದ್ದು ಹೊರಗೆ ಹೋದರು.

“ಗೊತ್ತಿತ್ರಿ,” ಎಂದೆ.

ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. “ನಾ ಅವತ್ತ ಕೇಳಿದ್ನಿ,” ಎಂದರು, ಅಷ್ಟೇ. ಆಮೇಲೆ ಮಗಳ ಸುದ್ದಿ ಹೇಳಿದರು. ದಿನಾ ತಾಯಿಯ ಜೊತೆ ಅಡುಗೆ ಕೋಣೆಗೆ ಬಂದು ಉಳ್ಳಾಗಡ್ಡಿ ಹೆಚ್ಚುತ್ತಾಳಂತೆ. ಸಣ್ಣ ಮಕ್ಕಳು, ಅಕ್ಕಾ ನಿನಗ ಸಾಲಿ ಇಲ್ಲೇನು ಎಂದು ಕೇಳುತ್ತಾರಂತೆ. ಪುಸ್ತಕ ಮುಟ್ಟಿಲ್ಲ. “ಅಕ್ಕೋರ ಹೇಳ್ಯಾರ ನನಗ ಆಗಂಗಿಲ್ಲಂತ,” ಎನ್ನುತ್ತಾಳಂತೆ.

ಆಕೆಯ ಗಣಿತದ ಅಂಕ ನನಗೆ ಬಾಯಿಪಾಠವಿತ್ತು. ಬರೆದದ್ದು ಹದಿನೆಂಟು. ಟೆಸ್ಟು, ಪ್ರಾಜೆಕ್ಟು ಸರಿಯಾಗಿ ಮಾಡಿದ್ದರಿಂದ ಶಾಲೆಯಿಂದ ಸಿಗುವುದು ಇನ್ನು ಹದಿನೆಂಟು. ಎರಡೂ ಕೂಡಿದರೆ ಪಾಸು. ಹದಿನೆಂಟೇ ಆದರೆ ಫೇಲು. ಆ ಲೆಕ್ಕವನ್ನು ಆ ದಿನ ಅವರಿಗೆ ಹೇಳಿದೆ. ಹೇಳಬೇಕಾಗಿದ್ದ ದಿನಕ್ಕಿಂತ ಹನ್ನೆರಡು ದಿನ ತಡವಾಗಿ.

“ಮತ್ತ ಒಳಗ ತಗೋಳಾಕ ಬರ್ತೈತೇನ್ರಿ?” ಎಂದು ಕೇಳಿದರು.

“ನೋಡ್ತೇನ್ರಿ,” ಎಂದೆ. ಅವರು ನನ್ನ ಮುಖ ನೋಡಿದ ರೀತಿಗೆ, “ಮಾಡಸ್ತೇನ್ರಿ,” ಎಂದು ತಿದ್ದಿಕೊಂಡೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮೊದಲು ಹೆಡ್‌ಮಾಸ್ತರರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ನನ್ನ ತಾಯಿ ದವಾಖಾನೆಯಲ್ಲಿದ್ದಾಗ ಒಂದು ತಿಂಗಳು ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

“ಒಬ್ಬಾಕಿನ್ನ ತಗೊಂಡ್ರ ಉಳಿದ ಏಳು ಮಂದಿ?” ಎಂದರು.

“ಎಂಟೂ ಜನರನ್ನ ತಗೋಬೇಕ್ರಿ ಸರ್.”

“ಏನಂತ ಬರದು ತಗೋಳ್ಳೂದು? ಅರ್ಜಿ ಅವರೇ ಕೊಟ್ಟಾರ. ಸ್ವಂತ ಇಚ್ಛಾದಿಂದ ಅಂತ ಅದ. ಬರದಾವ್ರು ನೀವು. ಎಲ್ಲಾದರ ಹಿಂದೂ ನಿಮ್ಮ ಸಹಿ ಅದ ಮೇಡಂ. ಕೆದಕಿದ್ರ ಮೊದಲ ಯಾರ ಮ್ಯಾಲ ಬರ್ತದ, ವಿಚಾರ ಮಾಡ್ರಿ.”

ವಿಚಾರ ಮಾಡಿದೆ. ಆ ದಿನ ಮೂರು ತರಗತಿ ಪಾಠ ಮಾಡಿದೆ, ಏನು ಮಾಡಿದೆನೋ ನೆನಪಿಲ್ಲ. ನನ್ನ ಸೇವೆ ಇನ್ನೂ ಹದಿಮೂರು ವರ್ಷವಿತ್ತು. ಮಗನ ಓದು ಮುಗಿದಿರಲಿಲ್ಲ. ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ, ಅದು ನಿಜ. ಪ್ರತಿ ವರ್ಷ ಎಷ್ಟೋ ಮಕ್ಕಳು ಹೀಗೆ ಹೋಗುತ್ತಾರೆ, ಯಾರೂ ಕೇಳುವುದಿಲ್ಲ. ಆದರೆ ಈ ಸಲ ಒಬ್ಬರು ಕೇಳಿದ್ದರು. ಆಗ ಏನು ಉತ್ತರ ಕೊಟ್ಟೆನೆಂಬುದು ನನಗೆ ಗೊತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದಲ್ಲಿ ಕೂತು ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಬರೆದೆ. ಎಂಟು ಅರ್ಜಿಗಳ ಒಕ್ಕಣೆ ನನ್ನದು. ಪಾಲಕರಿಗೆ ಆಂತರಿಕ ಅಂಕಗಳ ವಿಷಯವನ್ನು ನಾನು ತಿಳಿಸಿಲ್ಲ. ಮಕ್ಕಳನ್ನು ಪರೀಕ್ಷೆಯ ಪಟ್ಟಿಗೆ ಮರಳಿ ಸೇರಿಸಬೇಕು. ಅರ್ಧ ಪುಟ. ಅರ್ಜಿಯಂತೆ ಇದನ್ನು ಚೆಂದವಾಗಿ ಬರೆಯಲು ಆಗಲಿಲ್ಲ, ಎರಡು ಕಡೆ ಹೊಡೆದು ತಿದ್ದಿದ್ದೆ. ಸಂಜೆ ಸ್ಕೂಟರಿನಲ್ಲಿ ಹೋಗಿ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದೆ. ಇನ್ನೊಂದು ಪ್ರತಿಯನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಅಂದಿನಿಂದ ಕೆಲಸದ ಮಾತು ಬಿಟ್ಟು ಬೇರೇನನ್ನೂ ನನ್ನ ಜೊತೆ ಆಡಿಲ್ಲ.

ಐದು ದಿನ ಬಿಟ್ಟು ಕಚೇರಿಯಿಂದ ಕರೆ ಬಂತು. ಅಲ್ಲಿದ್ದ ಅಧಿಕಾರಿ ನನ್ನ ಪತ್ರವನ್ನು ನನ್ನ ಮುಂದೆಯೇ ಇನ್ನೊಮ್ಮೆ ಓದಿದರು. “ನಿಮ್ಮ ಮ್ಯಾಲೂ ವಿಚಾರಣೆ ಆಗ್ತದ, ಗೊತ್ತದ ಅಲ್ಲ?” ಎಂದರು. ಗೊತ್ತಿದೆ ಎಂದೆ. ಆಮೇಲೆ ಕೆಲಸದ ಮಾತು ಹೇಳಿದರು. ಪ್ರತಿ ಪಾಲಕರಿಂದ ಮರುದಾಖಲಾತಿಯ ಅರ್ಜಿ, ಅವರ ಕೈಯಲ್ಲಿರುವ ಮೂಲ ವರ್ಗಾವಣೆ ಪತ್ರ, ಎರಡೂ ಬರುವ ಶನಿವಾರ ಸಂಜೆಯೊಳಗೆ ಬಂದರೆ ಹೆಸರು ಪಟ್ಟಿಗೆ ಸೇರುತ್ತದೆ. ಆಮೇಲೆ ಪಟ್ಟಿ ಮುಚ್ಚುತ್ತದೆ. ಶಾಲೆ ತಪ್ಪಿದ ದಿನಗಳನ್ನು ಗೈರುಹಾಜರಿ ಎಂದೇ ಹಿಡಿಯುತ್ತಾರೆ, ನೂರಕ್ಕೆ ಎಪ್ಪತ್ತೈದು ಹಾಜರಿ ಇರಲೇಬೇಕು, ಅದರಲ್ಲಿ ರಿಯಾಯಿತಿ ಕೇಳಬೇಡಿ ಎಂದರು.

ಅಂದು ಮಂಗಳವಾರ. ನನ್ನ ಕೈಯಲ್ಲಿ ನಾಲ್ಕು ದಿನ ಇದ್ದವು.

ಹೆಬ್ಬಳ್ಳಿಯ ತಾಯಿ ಬುಧವಾರ ಬೆಳಿಗ್ಗೆಯ ಮೊದಲ ಬಸ್ಸಿಗೇ ಮಗಳನ್ನು ಕರೆದುಕೊಂಡು ಬಂದರು. ಹಾಜರಿ ಪುಸ್ತಕ ತೆರೆದು ನಾನು ಲೆಕ್ಕ ಹಾಕಿದೆ. ಹಿಂದೆ ಹತ್ತಿ ಬಿಡಿಸುವಾಗ ತಪ್ಪಿಸಿದ ದಿನಗಳು, ಈಗಿನ ದಿನಗಳು ಎಲ್ಲ ಸೇರಿ, ವರ್ಷದ ಕೊನೆಯವರೆಗೆ ಇನ್ನು ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿದರೆ ಆಕೆ ಪರೀಕ್ಷೆಗೆ ಕೂರುವಂತಿಲ್ಲ. ಅದನ್ನು ತಾಯಿ ಮಗಳಿಬ್ಬರಿಗೂ ಹೇಳಿದೆ. ಹುಡುಗಿ ನೆಲ ನೋಡುತ್ತ ನಿಂತಿದ್ದಳು.

ಉಳಿದ ಏಳು ಮನೆಗಳಿಗೆ ಶಾಲೆ ಬಿಟ್ಟ ಮೇಲೆ ಸ್ಕೂಟರಿನಲ್ಲಿ ಹೋದೆ. ಎಲ್ಲ ಕಡೆಯೂ ಮೊದಲು ಅದೇ ಮಾತು ಹೇಳಬೇಕಿತ್ತು: ಅವತ್ತು ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ. ಮೊದಲ ಮನೆಯಲ್ಲಿ ಅದನ್ನು ಹೇಳಲು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು. ಕೊನೆಯ ಹೊತ್ತಿಗೆ ಬಾಗಿಲಲ್ಲೇ ಹೇಳಿಬಿಡುತ್ತಿದ್ದೆ. ನಾಲ್ಕು ಮನೆಯವರು ಒಪ್ಪಿದರು. ಅವರಲ್ಲಿ ಮೊಮ್ಮಗನನ್ನು ಬೈದಿದ್ದ ಅಜ್ಜ ಈ ಸಲ ನನ್ನನ್ನು ಬೈದರು. ಹುಡುಗನ ಎದುರಿಗೇ, ಮನೆಯವರೆಲ್ಲ ನೋಡುತ್ತಿದ್ದಂತೆ. ನಿಂತು ಕೇಳಿಸಿಕೊಂಡು, ಅರ್ಜಿಗೆ ಅವರ ಹೆಬ್ಬೆಟ್ಟು ಹಾಕಿಸಿಕೊಂಡೆ. ಐದನೆಯ ಮನೆಯವರು ಆಗಲೇ ಟ್ಯೂಷನ್‌ಗೆ ಸೇರಿಸಿದ್ದರು. “ಒಮ್ಮೆ ಹೊರಗ ಹಾಕಿದ ಸಾಲಿಗೆ ಮತ್ತ ಕಳಸೂದಿಲ್ರಿ,” ಎಂದು ಬಾಗಿಲು ಹಾಕಿಕೊಂಡರು. ಆರನೆಯದು ಬಾಡಿಗೆ ಮನೆ, ಖಾಲಿಯಾಗಿತ್ತು. ಮನೆಯವರು ಎಲ್ಲಿ ಹೋದರೆಂದು ಪಕ್ಕದವರಿಗೂ ಗೊತ್ತಿರಲಿಲ್ಲ. ಕೊಟ್ಟಿದ್ದ ಫೋನ್ ನಂಬರು ಹತ್ತಲಿಲ್ಲ.

ಸೆಂಟ್ರಿಂಗ್ ಕೆಲಸದ ತಂದೆಯ ಮನೆಗೆ ಶುಕ್ರವಾರ ಸಂಜೆ ಹೋದೆ. ಕೊನೆಗೆ ಉಳಿಸಿಕೊಂಡಿದ್ದೆ ಎಂದರೂ ಸರಿ. ಅವರು ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಹೆಂಡತಿ ಚಾಪೆ ಹಾಸಿದರು. ನಾನು ಹೇಳಬೇಕಾದದ್ದನ್ನು ಹೇಳಿದೆ.

“ಆಕಿ ಇಲ್ಲಿಲ್ರಿ,” ಎಂದರು ತಂದೆ. “ನನ್ನ ತಂಗಿ ಗೋವಾದಾಗ ಇರ್ತಾಳ. ಹಡದಾಳ, ಆಕಿಗೆ ಹುಷಾರಿಲ್ಲ. ಹೆಂಗೂ ಸಾಲಿ ಬಿಡಿಸೇವಲ್ಲ, ಕೂಸು ಹಿಡ್ಕೊಳ್ಳಾಕ ಆಗ್ತೈತಿ ಅಂತ ಕಳಿಸಿದ್ವಿ.”

“ಕರಸ್ರಿ. ನಾಳೆ ಸಂಜಿ ತನಕಾ ವ್ಯಾಳ್ಯಾ ಐತಿ. ಆಕಿ ಬರಲಿಲ್ಲಂದ್ರೂ ನಡೀತೈತಿ, ನೀವು ಒಂದು ಸಹಿ ಮಾಡಿ ಕೊಟ್ರ ಹೆಸರು ಹಚ್ಚಸ್ತೇನಿ. ಆಕಿ ಸೋಮವಾರ ಬರಲಿ.”

ಅವರು ಟವೆಲ್ಲಿನಿಂದ ಕೈ ಒರೆಸುತ್ತಲೇ ಇದ್ದರು. “ಅವತ್ತ ನೀವು ಹೇಳಿದ್ರಿ ಅಂತ ಸಹಿ ಮಾಡಿದ್ನಿ. ಇವತ್ತ ನೀವ ಬಂದು ಮತ್ತ ಸಹಿ ಮಾಡಂತೀರಿ. ಯಾವುದ್ನ ಖರೇ ಅಂತ ತಿಳಕೋಬೇಕ್ರಿ ನಾವು?”

ಅವರ ಹೆಂಡತಿ ಗೋವಾಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

“ಅಕ್ಕೋರ,” ಎಂದಿತು ಆ ಕಡೆಯ ಧ್ವನಿ. ತರಗತಿಯಲ್ಲಿ ಪದ್ಯ ಓದುವಾಗಿನ ಅದೇ ಸ್ಪಷ್ಟ ಧ್ವನಿ. “ನನಗ ಆಗಂಗಿಲ್ಲಂತ ನೀವು ಹೇಳಿದ್ರಂತ ಅಪ್ಪ ಹೇಳಿದ.”

“ಹೇಳಿದ್ದೆವ್ವಾ. ತಪ್ಪು ಹೇಳಿದ್ದೆ. ನೀ ಪಾಸಾಗ್ತಿ. ನಾಳೆ ಬಸ್ ಹತ್ತು.”

ಹಿಂದೆ ಕೂಸಿನ ಅಳು ಇತ್ತು.

“ಅತ್ತೆಗೆ ಎದ್ದು ಕೂಡಾಕೂ ಆಗವಲ್ದ್ರಿ. ಬಿಟ್ಟು ಬರಾಕ ಬರಂಗಿಲ್ಲ. ಕೂಸು ಅಳಾಕತ್ತೈತ್ರಿ, ಇಡ್ತೇನಿ.”

ತಂದೆ ಮರುದಾಖಲಾತಿಯ ಅರ್ಜಿಗೆ ಸಹಿ ಮಾಡಲಿಲ್ಲ. ತಂಗಿಯನ್ನು ಆ ಸ್ಥಿತಿಯಲ್ಲಿ ಬಿಡಲು ಆಗುವುದಿಲ್ಲ, ಹುಡುಗಿ ಬರದೇ ಇದ್ದರೆ ಹಾಜರಿ ಹೇಗೂ ಸಾಲುವುದಿಲ್ಲ, ನೀವೇ ಹೇಳಿದಿರಲ್ಲ ಎಂದರು. ಅದು ಸರಿಯಿತ್ತು. ಮಾರ್ಚ್ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುವ ಫಾರ್ಮನ್ನಾದರೂ ತುಂಬೋಣ ಎಂದೆ. ಅದಕ್ಕೆ ಒಪ್ಪಿದರು. ಅದನ್ನು ನಾನೇ ತುಂಬಿ ಕೊಟ್ಟೆ. ಫೆಬ್ರುವರಿಯಲ್ಲಿ ಅವಳ ಪ್ರವೇಶಪತ್ರ ಬಂತು. ಪರೀಕ್ಷೆಯ ಮೊದಲ ದಿನ, ನನ್ನದೇ ವಿಷಯ, ಆ ಕೇಂದ್ರಕ್ಕೆ ಹೋಗಿ ಗೇಟಿನ ಹತ್ತಿರ ನಿಂತೆ. ಕೊನೆಯ ಗಂಟೆ ಹೊಡೆಯುವವರೆಗೆ ಕಾದೆ. ಅವಳು ಬರಲಿಲ್ಲ.

ಶನಿವಾರ ಸಂಜೆ ಐದು ಅರ್ಜಿಗಳನ್ನು ಕಚೇರಿಗೆ ಕೊಟ್ಟಿದ್ದೆ. ಐದು ಹೆಸರು ಪಟ್ಟಿಗೆ ಮರಳಿದವು. ಡಿಸೆಂಬರಿನಿಂದ ಮಾರ್ಚಿನವರೆಗೆ ಶಾಲೆ ಶುರುವಾಗುವ ಮೊದಲು ಒಂದು ತಾಸು ಅವರನ್ನು ಕೂಡಿಸಿಕೊಂಡೆವು. ಕೂಡಿಸಿಕೊಂಡೆವು ಎಂದೆ, ಏಕೆಂದರೆ ಎರಡನೆಯ ದಿನವೇ ಗಣಿತದ ಸರ್ ಯಾರೂ ಕರೆಯದೆ ಬಂದು ಬೋರ್ಡಿನ ಮುಂದೆ ನಿಂತರು. ಅಂದು ಅವರು ಕೋಣೆ ಬಿಟ್ಟು ಎದ್ದುಹೋಗಿದ್ದರ ಬಗ್ಗೆ ನಾವು ಎಂದೂ ಮಾತಾಡಿಲ್ಲ. ಮಕ್ಕಳು ಮೊದಲಿನಂತೆ ಇರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಕೈಯೆತ್ತುತ್ತಿರಲಿಲ್ಲ. ಹೆಬ್ಬಳ್ಳಿಯ ಹುಡುಗಿಗೆ ಜನವರಿಯಲ್ಲಿ ಜ್ವರ ಬಂತು. ಮನೆಗೆ ಹೋಗೆಂದರೆ ಹೋಗಲಿಲ್ಲ, ಹಿಂದಿನ ಬೆಂಚಿನಲ್ಲಿ ಶಾಲು ಹೊದ್ದು ಮಲಗಿಯಾದರೂ ಹಾಜರಿ ಹಾಕಿಸಿಕೊಂಡಳು. ನಾಲ್ಕು ದಿನಗಳ ಲೆಕ್ಕವನ್ನು ಅವಳು ನನಗಿಂತ ಚೆನ್ನಾಗಿ ಇಟ್ಟುಕೊಂಡಿದ್ದಳು.

ಐವರಲ್ಲಿ ಇಬ್ಬರು ಮಾರ್ಚಿನ ಮೊದಲ ಪರೀಕ್ಷೆಯಲ್ಲಿ ಪಾಸಾದರು. ಹೆಬ್ಬಳ್ಳಿಯ ಹುಡುಗಿ ಗಣಿತ ದಾಟಿದಳು, ಇಂಗ್ಲಿಷಿನಲ್ಲಿ ಉಳಿದಳು. ಫೇಲಾದವರಿಗಾಗಿ ನಡೆಯುವ ಎರಡನೆಯ ಪರೀಕ್ಷೆಯಲ್ಲಿ ಅದೂ ಆಯಿತು. ಅಜ್ಜನ ಮೊಮ್ಮಗ ಮತ್ತು ಇನ್ನೊಬ್ಬ ಹುಡುಗ ಮೂರು ಪರೀಕ್ಷೆಗಳಲ್ಲೂ ಪಾಸಾಗಲಿಲ್ಲ. ಚೀಟಿ ಕಳಿಸಿದರೂ ಪಾಲಕರು ಬಾರದ ಆ ಒಂಬತ್ತನೆಯ ಹುಡುಗ ಮೊದಲ ಸಲಕ್ಕೇ ಪಾಸಾದ. ಶಾಲೆಯ ಶೇಕಡಾವಾರು ಇನ್ನಷ್ಟು ಇಳಿಯಿತು. ವಿಚಾರಣೆ ನಡೆದು ನನಗೂ ಹೆಡ್‌ಮಾಸ್ತರರಿಗೂ ಎಚ್ಚರಿಕೆಯ ಪತ್ರ ಬಂತು. ಅದು ನನಗೆ ಸಲ್ಲಬೇಕಾದದ್ದೇ. ಆಡಳಿತ ಮಂಡಳಿ ಹತ್ತನೆಯ ತರಗತಿಯನ್ನು ನನ್ನಿಂದ ತೆಗೆದು ಎಂಟನೆಯದನ್ನು ಕೊಟ್ಟಿತು. ಪಾಲಕರ ಸಭೆಯಲ್ಲಿ ಈಗ ಬೇರೆಯವರು ಮಾತಾಡುತ್ತಾರೆ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು, “ಆ ಗೋವಾದ ಹುಡುಗಿ ಈಗ ಎಲ್ಲಿದ್ದಾಳ?” ಎಂದಷ್ಟೇ ಕೇಳಿದರು. ಅಲ್ಲೇ ಇದ್ದಾಳೆ. ಅತ್ತೆ ಎದ್ದು ಓಡಾಡುವಂತಾದ ಮೇಲೂ ಅವಳನ್ನು ಕಳಿಸಲಿಲ್ಲ. ವರ್ಷಕ್ಕೆ ಎರಡು ಸಲ ನಾನು ಫೋನ್ ಮಾಡುತ್ತೇನೆ. ಒಮ್ಮೊಮ್ಮೆ ಎತ್ತುತ್ತಾರೆ.

ಎರಡನೆಯ ಪರೀಕ್ಷೆಯ ಫಲಿತಾಂಶ ಬಂದ ವಾರ ಹೆಬ್ಬಳ್ಳಿಯ ತಾಯಿ ಬಂದರು. ಪಿಯುಸಿಗೆ ಹಚ್ಚಬೇಕು, ಹುಡುಗಿಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗುವ ಆಸೆ, ಏನು ಮಾಡಬೇಕೆಂದು ಕೇಳಿದರು. ಸಿಹಿ ತಂದಿರಲಿಲ್ಲ, ಧನ್ಯವಾದದ ಮಾತಾಡಲಿಲ್ಲ. ನನಗೂ ಅದು ಬೇಕಿರಲಿಲ್ಲ. ಕಲಾ ವಿಭಾಗ ಸಾಕು, ಎರಡು ವರ್ಷದ ಪಿಯುಸಿ ಆದ ಮೇಲೆ ಶಿಕ್ಷಕರ ತರಬೇತಿ ಎರಡು ವರ್ಷ, ಆಮೇಲೆ ಅರ್ಹತಾ ಪರೀಕ್ಷೆ, ಎಂದು ನಿಧಾನವಾಗಿ ಹೇಳಿದೆ. ಅವರು ಮಧ್ಯದಲ್ಲಿ ತಡೆದರು.

“ಇದನ್ನ ಹಾಳಿ ಮ್ಯಾಲ ಬರದು ಕೊಡ್ರಿ ಅಕ್ಕೋರ. ಕೆಳಗ ನಿಮ್ಮ ಹೆಸರು, ಸಹಿ, ತಾರೀಖು ಹಾಕ್ರಿ.”

ಬರೆದೆ. ಅವರು ಅದನ್ನು ತೆಗೆದುಕೊಂಡು ನನ್ನ ಮುಂದೆಯೇ ಮೊದಲಿನಿಂದ ಕೊನೆಯವರೆಗೆ ಓದಿದರು. ಹೋದ ವರ್ಷಕ್ಕಿಂತ ಸರಾಗವಾಗಿ ಓದುತ್ತಿದ್ದರು.

“ಹೇಳ್ದಂಗ ಉಳದದ್ದು ಏನರ ಐತೇನ್ರಿ?”

ನಾನು ಯೋಚಿಸಿದೆ. ಬರೀ ಪಾಸಾದರೆ ಸಾಲದು, ತರಬೇತಿಗೆ ಸೇರಲು ಪಿಯುಸಿಯಲ್ಲಿ ಕನಿಷ್ಠ ಇಷ್ಟು ಅಂಕ ಬೇಕೆಂಬ ಮಿತಿ ಇದೆ, ಅದನ್ನು ಬರೆದಿರಲಿಲ್ಲ. ಹಾಳೆ ಮರಳಿ ತೆಗೆದುಕೊಂಡು ಅದನ್ನೂ ಸೇರಿಸಿದೆ. ಅವರು ಮತ್ತೆ ಓದಿ, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡರು.

“ನಾಳೆ ನಮ್ಮೂರ ಸರ್‌ಗೂ ಒಮ್ಮೆ ತೋರಸ್ತೇನ್ರಿ. ತಪ್ಪು ತಿಳಕೋಬ್ಯಾಡ್ರಿ.”

“ತೋರಸ್ರಿ,” ಎಂದೆ.

ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಚಹಾ ಕುಡಿದು ಹೋಗಿ ಎಂದರೆ ಬೇಡವೆಂದು, ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು ಹೋದರು.